ಕುಲುಕಾಟ ನಿವಾರಕ ರಾಯರು

ಮಲ್ಲೇಶ್ವರದಲ್ಲಿ ಬೀದಿಗೊಬ್ಬ ನಿವೃತ್ತ ಇಂಜಿನಿಯರು ಇರಲೇಬೇಕೆಂದು ಕಾನೂನೇನೂ ಇಲ್ಲ. ಆದರೂ ಇದ್ದಾರೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್, ಈ ಐದರಲ್ಲಿ ಒಂದರ ಗೇಟಿನೊಳಗೆ ಆಯುಷ್ಯದ ಅರ್ಧ ಕಳೆದು, ಕೊನೆಯ ದಿನ ಹಾರ, ಶಾಲು, ಗೋಡೆ ಗಡಿಯಾರ ಹೊತ್ತು ಮನೆಗೆ ಬಂದವರು. ನಮ್ಮ ರಾಯರು ಆ ಪೈಕಿ. ಅವರು ನಿವೃತ್ತರಾದರು ಅನ್ನುವುದಕ್ಕಿಂತ ಅವರ ಇನ್‌ಸ್ಪೆಕ್ಷನ್ ವಿಭಾಗ ಸಂಪಿಗೆ ರಸ್ತೆಗೆ ವರ್ಗವಾಯಿತು ಅನ್ನುವುದೇ ಸರಿ.

ಬೆಳಗಿನ ವಾಕಿಂಗಿಗೆ ಹೊರಟರೆ ಜೇಬಿನಲ್ಲಿ ಸ್ಟೀಲ್ ಟೇಪು, ಕಿವಿಯ ಮೇಲೆ ಪೆನ್ಸಿಲು. ಅಡ್ಡರಸ್ತೆಯಲ್ಲಿ ಹೊಸ ಹಂಪು ಕಂಡರೆ ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. “1988ರ ಐಆರ್‌ಸಿ 99 ಏನು ಹೇಳುತ್ತೆ? ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು, ತ್ರಿಜ್ಯ 17 ಮೀಟರು. 25 ಕಿಲೋಮೀಟರ್ ಸ್ಪೀಡಿನಲ್ಲಿ ಆರಾಮಾಗಿ ದಾಟಬೇಕು. ಇದನ್ನ ನೋಡಿ, ಯಾರೋ ಹೆಣ ಹೂತು ಮಣ್ಣು ಮುಚ್ಚಿದ ಹಾಗಿದೆ!” ಹಿಂದೆ ನಿಂತ ಆಟೋದವನು ಹಾರನ್ ಒತ್ತುತ್ತಾನೆ. ರಾಯರು ಏಳುವುದಿಲ್ಲ. ಅಳತೆ ಮುಗಿದಿರುವುದಿಲ್ಲವಲ್ಲ.

ಮೊದಲೆಲ್ಲ ಈ ಪಾಠಗಳು ನ್ಯೂ ಕೃಷ್ಣ ಭವನದ ಮೇಜಿನ ಮೇಲೆ, ಕಾಫಿ ಲೋಟಗಳನ್ನು ಸರಿಸಿ ನಡೆಯುತ್ತಿದ್ದವು. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಹಾಕಿದ ಮೇಲೆ ಫುಟ್‌ಪಾತೇ ತರಗತಿ. ಕಷ್ಟವೇನೆಂದರೆ, ರಾಯರು ಹೇಳುವುದು ಯಾವಾಗಲೂ ಸರಿಯಾಗಿರುತ್ತದೆ. ತಪ್ಪು ಹೇಳುವವರಿಂದ ವಾದ ಮಾಡಿಯಾದರೂ ತಪ್ಪಿಸಿಕೊಳ್ಳಬಹುದು. ಸರಿ ಹೇಳುವವರ ಮುಂದೆ ತಲೆಯಾಡಿಸುತ್ತ ನಿಲ್ಲುವುದೊಂದೇ ದಾರಿ.

ಇಂಥವರ ಮಗ ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದಾನೆ. ಅವನು ಕಳೆದ ವರ್ಷ ಒಂದು ಫಿಫ್ತ್ ವೀಲ್ ಟ್ರೇಲರು ಕೊಂಡ. ಅಡುಗೆಮನೆ, ಬಚ್ಚಲು, ಮಂಚ ಎಲ್ಲ ಇರುವ ಗಾಲಿಯ ಮೇಲಿನ ಮನೆ. ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ, ಆಕ್ಸಲ್ಲಿನ ನೇರಕ್ಕೆ, ಒಂದು ದಪ್ಪ ತಟ್ಟೆ ಕೂರಿಸಿರುತ್ತಾರೆ. ಟ್ರೇಲರಿನ ಮೂತಿಯಿಂದ ಇಳಿದ ಕಿಂಗ್ ಪಿನ್ನು ಅದರೊಳಗೆ ಕಚ್ಚಿಕೊಳ್ಳುತ್ತದೆ. ವೈಟ್‌ಫೀಲ್ಡ್ ಡಿಪೋಗೆ ಕಂಟೇನರ್ ಎಳೆಯುವ ನಮ್ಮ ಲಾರಿಗಳಿಗೂ ಇದೇ ಜೋಡಣೆ. ಮಗ ಫೋಟೋ ಕಳಿಸಿದ ದಿನ ರಾಯರ ಹೆಂಡತಿ ಪರದೆಯ ಬಣ್ಣ ನೋಡಿದರು, ರಾಯರು ಲೀಫ್ ಸ್ಪ್ರಿಂಗಿನ ಪ್ಲೇಟು ಎಣಿಸಿದರು.

ತಿಂಗಳಾಗುವುದರೊಳಗೆ ಮಗ ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟ: “ಹೈವೇಲಿ ಯಾಕೋ ತುಂಬಾ ಎತ್ತಿ ಹಾಕುತ್ತೆ ಅಪ್ಪ.” ಆ ಕ್ಷಣದಿಂದ ರಾಯರಿಗೆ ಇಪ್ಪತ್ತು ವರ್ಷ ಕಡಿಮೆಯಾಯಿತು.

ಮರುದಿನ ಇಲ್ಲಿ ಬೆಳಗ್ಗೆ ಏಳು, ಅಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಎಂಟನೇ ಕ್ರಾಸಿನ ಹತ್ತಿರ, ಸಂಪಿಗೆ ರಸ್ತೆಯ ಫುಟ್‌ಪಾತಿನ ಮೇಲೆ, ಫೋನು ಮುಖಕ್ಕೆ ಹಿಡಿದು ರಾಯರು ವಿಚಾರಣೆ ಶುರು ಮಾಡಿದರು.

“ಮೇಲೆ ಕೆಳಗೆ ಎತ್ತಿ ಹಾಕುತ್ತೋ, ಹಿಂದೆ ಮುಂದೆ ಜಗ್ಗುತ್ತೋ? ಎರಡೂ ಬೇರೆ ರೋಗ.”

“ಎರಡೂ ಅಪ್ಪ.”

“ರಸ್ತೆ ಡಾಂಬರೋ ಕಾಂಕ್ರೀಟೋ?”

“ಕಾಂಕ್ರೀಟು.”

“ಎಷ್ಟು ಸ್ಪೀಡಿಗೆ ಜಾಸ್ತಿ?”

“60 ಮೈಲಿ ಹತ್ರ. 55ಕ್ಕೆ ಇಳಿಸಿದ್ರೆ ಅಷ್ಟಿರಲ್ಲ.”

“ನೋಡಿದ್ಯಾ! ರೆಸೊನೆನ್ಸು!” ಎಂದು ರಾಯರು ಕೂಗಿದ ರಭಸಕ್ಕೆ ಹೂವಿನಾಕೆ ಕೈಯಲ್ಲಿದ್ದ ಮೊಳ ಬಿಟ್ಟಳು. ವಿಷಯ ಇಷ್ಟೆ. ಕಾಂಕ್ರೀಟ್ ರಸ್ತೆಯಲ್ಲಿ ಸಮ ಅಂತರಕ್ಕೊಂದು ಸಂದು. ಗಾಲಿ ಒಂದೊಂದು ಸಂದು ದಾಟುವಾಗಲೂ ಗಾಡಿಗೆ ಒಂದು ಗುದ್ದು. ಸ್ಪ್ರಿಂಗಿನ ಮೇಲೆ ಕೂತ ಗಾಡಿಗೆ ತನ್ನದೇ ಒಂದು ತೂಗಾಟದ ಲಯವಿದೆ. ಗುದ್ದಿನ ಲಯವೂ ತೂಗಾಟದ ಲಯವೂ ಒಂದು ನಿರ್ದಿಷ್ಟ ವೇಗದಲ್ಲಿ ಕೂಡಿಬಿಟ್ಟರೆ ಎಗರಾಟ ಏರುತ್ತಲೇ ಹೋಗುತ್ತದೆ. ಸ್ವಲ್ಪ ನಿಧಾನ ಮಾಡಿದರೆ ತಾಳ ತಪ್ಪಿ ಗಾಡಿ ಸುಮ್ಮನಾಗುತ್ತದೆ. ನಮ್ಮೂರಿನ ವೆಸ್ಟಿಬ್ಯೂಲ್ ಬಸ್ಸಿನಲ್ಲಿ ಹಿಂದಿನ ಅರ್ಧದಲ್ಲಿ ಕೂತು ಬಂದವರ ಸೊಂಟಕ್ಕೆ ಇದರಲ್ಲಿ ಅರ್ಧ ವಿದ್ಯೆ ಆಗಲೇ ಗೊತ್ತು.

ಮುಂದಿನ ಪ್ರಶ್ನೆ ತೂಕದ್ದು. ಮಗ ಹೆದ್ದಾರಿಯ ಲಾರಿ ತಂಗುದಾಣದಲ್ಲಿ ತೂಗಿಸಿದ್ದ: ಟ್ರೇಲರು 12,000 ಪೌಂಡು, ಅದರಲ್ಲಿ ಪಿನ್ನಿನ ಮೇಲೆ ಬೀಳುವುದು 1,500. ರಾಯರು ಹಣೆ ಚಚ್ಚಿಕೊಂಡರು. “ನೂರಕ್ಕೆ ಹನ್ನೆರಡೂವರೆ! ಇಪ್ಪತ್ತರ ಆಸುಪಾಸು ಇರಬೇಕು ಕಣೋ. ಹದಿನೈದಕ್ಕಿಂತ ಇಳೀಬಾರದು. ಹಿಂದೆ ಏನು ತುಂಬಿದೀಯ?”

ಹಿಂದೆ ಇದ್ದದ್ದು ಅಡುಗೆಮನೆ. ಅಕ್ಕಿ ಮೂಟೆ, ಕುಕ್ಕರುಗಳು, ಭರ್ತಿ ನೀರಿನ ಟ್ಯಾಂಕು, ಹೊರಗಡೆ ನೇತುಹಾಕಿದ ಸೈಕಲ್ಲುಗಳು, ಮತ್ತು ರಾಯರ ಹೆಂಡತಿ ಇಲ್ಲಿಂದ ಕಳಿಸಿದ ಟೇಬಲ್ ಟಾಪ್ ಗ್ರೈಂಡರು.

ಮಗನಿಗೆ ಅರ್ಥವಾಗಲೆಂದು ರಾಯರು ಪ್ರಾತ್ಯಕ್ಷಿಕೆಗೆ ಇಳಿದರು. ಪಕ್ಕದಲ್ಲೇ ತರಕಾರಿಯ ತಳ್ಳುಗಾಡಿ. ಫೋನನ್ನು ಕೊತ್ತಂಬರಿ ಕಟ್ಟಿಗೆ ಒರಗಿಸಿ, ಮೂರು ಬೂದುಗುಂಬಳಕಾಯಿಗಳನ್ನು ಒಂದೊಂದಾಗಿ ಎತ್ತಿ ಹಿಡಿಕೆಯ ತುದಿಗೆ ಸಾಗಿಸಿದರು. ಮುಂದಿನ ಗಾಲಿ ನೆಲದಿಂದ ಒಂದು ಬೆರಳಷ್ಟು ಎದ್ದು ಪುನಃ ಕೂತಿತು. “ಕಂಡ್ತಾ? ಮೂತಿ ಹಗುರಾಯ್ತು. ಇನ್ನು ಸಣ್ಣ ಗುಂಡಿ ಸಾಕು, ಕುಣಿಯೋಕೆ.” ಟೊಮೇಟೊ ಗುಡ್ಡೆ ಜಾರಿ ನಾಲ್ಕು ಹಣ್ಣು ಮೋರಿ ಸೇರಿದವು.

“ಸಾಮೀ, ಕುಂಬ್ಳಕಾಯಿ ಬೇಕಾ ಬ್ಯಾಡ್ವಾ?” ಎಂದಳು ಗಾಡಿಯವಳು.

ಹೀಗೆ ಮೂರು ಬೂದುಗುಂಬಳಕಾಯಿ ಮನೆಗೆ ಬಂದವು. ಆಯುಧಪೂಜೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ರಾಯರು ಚಪ್ಪಲಿ ಬಿಡುತ್ತಲೇ ಹೆಂಡತಿಗೆ ವರದಿ ಒಪ್ಪಿಸಿದರು: “ನಿನ್ನ ಗ್ರೈಂಡರಿನಿಂದ ಪಿನ್ನಿನ ಭಾರ ಇಳಿದುಹೋಗಿದೆ.”

“ಹೋದ ಸಲ ಅಲ್ಲಿಗೆ ಹೋಗಿ ಎಂಟು ದೋಸೆ ತಿಂದ್ರಲ್ಲ, ಆಗ ಪಿನ್ನು ನೆನಪಾಗಲಿಲ್ವೇನ್ರೀ?”

ಆ ರಾತ್ರಿ ಆಸ್ಟಿನ್‌ಗೆ ಐದು ಅಂಶಗಳ ಟಿಪ್ಪಣಿ ರವಾನೆಯಾಯಿತು, ಕ್ರಮಸಂಖ್ಯೆ ಸಮೇತ, ಕೆಳಗೆ ಸಹಿ ಸಮೇತ. ಒಂದು, ಹಿಂದಿನ ಸಾಮಾನು ಮುಂದಿನ ಗೂಡಿಗೆ ಸಾಗಿಸು, ಟ್ಯಾಂಕು ಖಾಲಿ ಮಾಡು. ಆದರೆ ಪಿಕಪ್ಪಿನ ಆಕ್ಸಲ್ಲಿನ ಮಿತಿ ಮೀರದಿರಲಿ. ಎರಡು, ಟೈರಿನ ಗಾಳಿ ಹೊತ್ತ ತೂಕಕ್ಕೆ ತಕ್ಕಷ್ಟಿರಲಿ, ಕಲ್ಲಿನಂತೆ ಬಿಗಿಯಾದ ಟೈರು ಪುಟಿಯುತ್ತದೆ. ಮೂರು, ಇಂಥ ಟ್ರೇಲರುಗಳಲ್ಲಿ ಎಷ್ಟೋ ಬಾರಿ ಲೀಫ್ ಸ್ಪ್ರಿಂಗು ಮಾತ್ರ ಇದ್ದು ಶಾಕ್ ಅಬ್ಸಾರ್ಬರ್ ಇರುವುದೇ ಇಲ್ಲ, ಹಾಕಿಸು. ಸ್ಪ್ರಿಂಗು ಗುದ್ದನ್ನು ನುಂಗುತ್ತದೆ, ತೂಗಾಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರು. ನಾಲ್ಕು, ಹಿಂದೆ ಮುಂದೆ ಜಗ್ಗುವುದಕ್ಕೆ ರಬ್ಬರಿನದೋ ಗಾಳಿಚೀಲದ್ದೋ ಪಿನ್ ಬಾಕ್ಸು. ಐದು, ಟ್ರೇಲರು ಮೂತಿ ಎತ್ತಿಕೊಂಡು ನಿಲ್ಲದೆ ರಸಮಟ್ಟ ಇಟ್ಟರೆ ಗುಳ್ಳೆ ನಡುವಿಗೆ ಬರುವಂತಿರಲಿ. ಕೊನೆಗೆ ಒಂದು ಷರಾ: ಮಂಡ್ಯದ ಕಬ್ಬಿನ ಟ್ರ್ಯಾಕ್ಟರುಗಳನ್ನು ಸ್ಮರಿಸುವುದು, ತುಂಬಿದ ಟ್ರೇಲರು ಗಂಭೀರವಾಗಿ ಫ್ಯಾಕ್ಟರಿಗೆ ಹೋಗುತ್ತದೆ, ಖಾಲಿಯದು ಲೊಡಲೊಡ ಕುಣಿಯುತ್ತ ವಾಪಸಾಗುತ್ತದೆ, ಏಕೆಂದರೆ ಸ್ಪ್ರಿಂಗಿನ ಲೆಕ್ಕ ಪೂರ್ಣ ಭಾರದ್ದು.

ಮಗ ವಿಧೇಯ. ವಾರ ಕಳೆಯುವುದರೊಳಗೆ ಐದನ್ನೂ ಮಾಡಿ ಮುಗಿಸಿದ. ಮುಂದಿನ ಪ್ರವಾಸದಿಂದ ಸಂದೇಶ ಬಂತು: “ಪೂರ್ತಿ ನಿಂತೋಯ್ತು ಅಪ್ಪ. ಸಿಂಕಿನಲ್ಲಿಟ್ಟ ಲೋಟ ಸಹ ಅಲ್ಲಾಡ್ಲಿಲ್ಲ. ಥ್ಯಾಂಕ್ಸ್.”

ಸಂಪಿಗೆ ರಸ್ತೆಯಲ್ಲಿ ಸಂತೋಷದ ಕೂಟ ನಡೆಯುತ್ತದೆಂದು ನಾವು ಕಾದೆವು. ರಾಯರು ಮುಖ ಸಿಂಡರಿಸಿಕೊಂಡು ಬಂದರು.

“ಐದನ್ನೂ ಒಟ್ಟಿಗೆ ಮಾಡಿದಾನೆ ರೀ! ಯಾವುದರಿಂದ ನಿಂತಿತು ಅಂತ ಈಗ ಹೇಗೆ ಗೊತ್ತಾಗಬೇಕು? ಇದೂ ಒಂದು ಇಂಜಿನಿಯರಿಂಗಾ?”

“ನಿಂತಿತಲ್ಲ ಸಾರ್, ಸಾಕು ಬಿಡಿ.”

“ನಿಂತರೆ ಆಯ್ತೇ? ಗಡಿಯಾರ ಕೂಡ ನಿಲ್ಲುತ್ತೆ!”

ಅಂದೇ ಎರಡನೆಯ ಟಿಪ್ಪಣಿ ಹೋಯಿತು. ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡತಕ್ಕದ್ದು. ಟ್ರೇಲರು ಮತ್ತೆ ಎತ್ತಿ ಹಾಕುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಐದು ಉಪಾಯ, ಒಂದೊಂದೂ ಉಂಟು ಇಲ್ಲ ಎಂಬ ಎರಡು ಸ್ಥಿತಿ, ಒಟ್ಟು 32 ಪ್ರಯೋಗವಾಗುತ್ತದೆ. ಆದರೆ ಜಪಾನಿನ ಟಾಗುಚಿ ಪದ್ಧತಿಯ ಕೋಷ್ಟಕ ಬಳಸಿದರೆ ಎಂಟೇ ಸಾಕು. ಕೋಷ್ಟಕ ಲಗತ್ತಿಸಿದೆ.

ಮಗನಿಂದ ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಸೊಸೆ ಬರೆದಳು: “ಆಗ್ಲಿ ಮಾವ, ಮಾಡೋಣ. ಆದ್ರೆ ಎಂಟೂ ಸಲ ಹಿಂದಿನ ಅಡುಗೆಮನೇಲಿ ನೀವೇ ಕೂತು ರೀಡಿಂಗ್ ತಗೋಬೇಕು.”

ಇನ್ನು ಮಾತು ಮುಗಿಯಿತೆಂದು ಅವಳು ಭಾವಿಸಿದ್ದರೆ ಅವಳು ಮಲ್ಲೇಶ್ವರದವಳಲ್ಲ. ರಾಯರು ಪಾಸ್‌ಪೋರ್ಟು ಹುಡುಕುತ್ತಿದ್ದಾರೆ. ಹೋಗುವುದು ಜನವರಿಯಲ್ಲಿ ಎಂದೂ ತೀರ್ಮಾನವಾಗಿದೆ. “ಚಳಿಗೆ ಕಾಂಕ್ರೀಟು ಕುಗ್ಗಿ ಸಂದು ಅಗಲವಾಗಿರುತ್ತೆ ನೋಡಿ,” ಎಂದು ಕಣ್ಣರಳಿಸಿದರು, “ಆಗ ಚೆನ್ನಾಗಿ ಎತ್ತಿ ಹಾಕುತ್ತೆ.”