ಡ್ರೈವರ್ ಇಲ್ಲದ ಗಾಡಿ

ಚಿಕ್ಕಪ್ಪನ ಹಳೇ ಲ್ಯಾಪ್‌ಟಾಪಿಗೆ ‘ಹತ್ತೇ ನಿಮಿಷ’ದಲ್ಲಿ ಲಿನಕ್ಸ್ ಹಾಕಿಕೊಡಲು ಕೂತವನು ಮಧ್ಯಾಹ್ನವಾದರೂ ಕಪ್ಪು ಪರದೆಯ ಮುಂದೆಯೇ ಇದ್ದಾನೆ. (ಗೀಕುಗಳ ಹತ್ತು ನಿಮಿಷ, ಟೈಲರ್‌ನ ನಾಳೆ, ಎರಡೂ ಒಂದೇ.)

“ವೈಫೈ ಬಂತೇನೋ?”

“ಡ್ರೈವರ್ ಇಲ್ಲ ಚಿಕ್ಕಪ್ಪ.”

“ಡ್ರೈವರ್ ಇಲ್ಲದ ಗಾಡಿ ಯಾಕೋ ತಂದೆ?”

“ಇದು ಸ್ವಾತಂತ್ರ್ಯ! 2001ರಲ್ಲಿ ಮೈಕ್ರೋಸಾಫ್ಟಿನ ಬಾಲ್ಮರ್ ಲಿನಕ್ಸನ್ನ ಕ್ಯಾನ್ಸರ್ ಅಂದಿದ್ರು.”

“ಈಗೇನಂತಾರೆ?”

“ಈಗ ಅದೇ ಕಂಪನಿಯವರು ವಿಂಡೋಸ್ ಒಳಗೇ ಲಿನಕ್ಸ್ ಇಟ್ಟು ಕೊಡ್ತಾರೆ. 2018ರಲ್ಲಿ ಎಲ್ರೂ ಕೋಡ್ ಇಡೋ ಗಿಟ್‌ಹಬ್ಬನ್ನ 750 ಕೋಟಿ ಡಾಲರಿಗೆ ಕೊಂಡೂಬಿಟ್ರು.”

“ಬೈದವರೇ ಬೀಗರಾದ್ರು ಅನ್ನು. ಅಲ್ಲಿ ಕೋಡ್ ಬರೆದವರಿಗೇನು ಸಿಕ್ತು?”

“ಸ್ಟಾರ್ ಸಿಗತ್ತೆ.”

“ಅದನ್ನ ತೋರಿಸಿದ್ರೆ ಶೆಟ್ರ ಅಂಗಡೀಲಿ ಅಕ್ಕಿ ಕೊಡ್ತಾರಾ?”

“ನಗಬೇಡಿ. 2016ರಲ್ಲಿ ಒಬ್ಬ ಮುನಿಸಿಕೊಂಡು ತನ್ನ 11 ಸಾಲಿನ ಲೆಫ್ಟ್‌ಪ್ಯಾಡ್ ಕೋಡ್ ವಾಪಸ್ ತಗೊಂಡ. ಎಷ್ಟೋ ಕಂಪನಿಗಳ ಕೆಲಸ ಕೆಟ್ಟು ನಿಂತಿತು.”

“ಅದೇನು ಮಾಡ್ತಿತ್ತು?”

“ಪದದ ಎಡಗಡೆ ಖಾಲಿ ಜಾಗ ತುಂಬಿಸ್ತಿತ್ತು.”

“ಖಾಲಿ ಜಾಗಾನೂ ಕಡ ತರೋರಾ! ಸರಿ, ಊಟಕ್ಕೆ ಏಳು.”

“ಒಂದ್ನಿಮಿಷ. ಈ ವಿಮ್‌ನಿಂದ ಆಚೆ ಬರೋದು ಹೇಗೆ ಅಂತ ಹುಡುಕ್ತಿದ್ದೀನಿ.”

“ವಿಮ್ಮಾ? ಸಿಂಕ್ ಪಕ್ಕ ಇದೆ. ನಿನ್ನ ತಟ್ಟೆ ನೀನೇ ತೊಳಿ.”