ಸುರಕ್ಷತೆ: ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪರಿಸರ, ಆರೋಗ್ಯ, ಸುರಕ್ಷತೆ ಮೂರಕ್ಕೂ ನೀತಿಯಿದೆ. ಇಲ್ಲವೆಂದು ಯಾರಾದರೂ ಅಂದರೆ, ಮಾನ್ಯತೆ ಕೊಡುವ ನ್ಯಾಕ್ ತಂಡಕ್ಕೆಂದು ಸಿದ್ಧಪಡಿಸಿದ ಕಡತ ಬಿಚ್ಚಿ ಬಾಯಿ ಮುಚ್ಚಿಸಬಹುದು. ಬಣ್ಣದ ಮುಖಪುಟ, ಕುಲಪತಿಗಳ ಸಂದೇಶ, ಗಣ್ಯರು ಗಿಡ ನೆಡುವ ಫೋಟೊ ಎಲ್ಲ ಅದರಲ್ಲಿವೆ. ಮೈಮೇಲೆ ಆ್ಯಸಿಡ್ ಬಿದ್ದರೆ ಏನು ಮಾಡಬೇಕೆಂಬುದೂ ಇದೆ, ಕೊನೆಯ ಅನುಬಂಧದಲ್ಲಿ.

ನೀತಿಯನ್ನು ತಲುಪಿಸುವ ಕ್ರಮವಂತೂ ಬಲು ಅಚ್ಚುಕಟ್ಟು. ಕುಲಸಚಿವರ ಕಚೇರಿಯಿಂದ ಸುತ್ತೋಲೆ ಹೊರಡುತ್ತದೆ. ಡೀನರು ಅದನ್ನು ‘ಅಗತ್ಯ ಕ್ರಮಕ್ಕಾಗಿ’ ವಿಭಾಗದ ಮುಖ್ಯಸ್ಥರಿಗೆ ಸಾಗಹಾಕುತ್ತಾರೆ. ಮುಖ್ಯಸ್ಥರು ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಎಸೆಯುತ್ತಾರೆ. ಕೆಲವರು ಕೈಮುಗಿಯುತ್ತಾರೆ, ಒಬ್ಬರು ಅದರ ಕೆಳಗೇ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕೋರುತ್ತಾರೆ. ಅಲ್ಲಿಗೆ ಸುರಕ್ಷತೆ ಜಾರಿಗೆ ಬಂತು. ಆ ಗುಂಪಿನಲ್ಲಿ ಇಲ್ಲದವರು ಆ್ಯಸಿಡ್ ಬಾಟಲಿ ಎತ್ತಿಡುವ ಅಟೆಂಡರ್ ಮತ್ತು ಲ್ಯಾಬಿನ ಸಿಂಕ್ ತೊಳೆಯುವ ಹೊರಗುತ್ತಿಗೆಯ ಹೆಂಗಸು ಮಾತ್ರ. ಅವರಿಗೇನು ಕಡಿಮೆ? ಜಾಲತಾಣದಲ್ಲಿ ಇಂಗ್ಲಿಷ್ ಪಿಡಿಎಫ್ ಇದೆಯಲ್ಲ!

ಕಾರಿಡಾರಿನ ಬೆಂಕಿ ನಂದಿಸುವ ಸಿಲಿಂಡರನ್ನೇ ನೋಡಿ. ಅದರ ಪಿನ್ ಎಳೆಯಲು ಯಾರಿಗೂ ಬಾರದು. ಆದರೆ ಮರುಭರ್ತಿಯ ಚೀಟಿ ಮಾತ್ರ ಹೊಚ್ಚಹೊಸದು, ಏಕೆಂದರೆ ತಪಾಸಣೆಗೆ ಬಂದವರು ಓದುವುದು ಅದನ್ನೇ.

ಈ ಅಚ್ಚುಕಟ್ಟುತನ ಎಲ್ಲಿಗೆ ಮುಟ್ಟಬಹುದೆಂದು ದೆಹಲಿ ವಿಶ್ವವಿದ್ಯಾಲಯ ಆಗಲೇ ತೋರಿಸಿಕೊಟ್ಟಿದೆ. ಅಲ್ಲಿನ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ ಗಾಮಾ ವಿಕಿರಣ ಯಂತ್ರವೊಂದು 1985ರಿಂದ ಮೂಲೆ ಸೇರಿತ್ತು. ಅದರ ಹೊಟ್ಟೆಯಲ್ಲಿ ಕೋಬಾಲ್ಟ್-60 ಇತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಹರಾಜು ಹಾಕಿದರು. ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೂಲಿಗಳು ಅದನ್ನು ಬರಿಗೈಯಲ್ಲಿ ಕಳಚಿದರು. ಲೋಹ ಕಿಲೋಗೆ ಎಷ್ಟೆಂದು ಅವರಿಗೆ ತಿಳಿದಿತ್ತು, ಒಳಗಿರುವುದು ಏನೆಂದು ಹೇಳುವ ಸುತ್ತೋಲೆ ಅವರ ವಿಳಾಸಕ್ಕೆ ಹೋಗಿರಲಿಲ್ಲ. ಏಪ್ರಿಲ್‌ನಲ್ಲಿ ಒಬ್ಬ ಸತ್ತ, ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನೋಟಿಸ್ ಕೊಟ್ಟಿತು, ವಿಶ್ವವಿದ್ಯಾಲಯ ನೈತಿಕ ಹೊಣೆ ಹೊತ್ತಿತು. ನೈತಿಕ ಹೊಣೆಯ ಅನುಕೂಲವೆಂದರೆ ಅದಕ್ಕೆ ತೂಕವಿರುವುದಿಲ್ಲ.

ಕೋಬಾಲ್ಟ್-60ರ ಶಕ್ತಿ ಅರ್ಧಕ್ಕೆ ಇಳಿಯಲು ಐದೂಕಾಲು ವರ್ಷ ಬೇಕು. ವಿಭಾಗದ ನೆನಪು ಅದಕ್ಕಿಂತ ಬೇಗ ಕರಗುತ್ತದೆ. ಯಂತ್ರ ಬಳಸಿದವರು ಬೀಳ್ಕೊಡುಗೆಯ ಶಾಲು ಹೊದ್ದು ಮನೆಗೆ ಹೋಗುತ್ತಾರೆ, ವಿಕಿರಣಕ್ಕೆ ನಿವೃತ್ತಿಯ ವಯಸ್ಸನ್ನು ಸರ್ಕಾರ ಇನ್ನೂ ನಿಗದಿ ಮಾಡಿಲ್ಲ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆ. ಬರುವ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಭಾಷಣ, ಹಾರ, ಪ್ರತಿಜ್ಞೆ ಯಾವುದೂ ಬೇಡ. ಅಟೆಂಡರಿಗೆ ರಜೆ ಕೊಟ್ಟು, ಆ್ಯಸಿಡ್ ಬಾಟಲಿಗಳನ್ನು ಜೋಡಿಸುವ ಕೆಲಸವನ್ನು ಕುಲಪತಿ, ಕುಲಸಚಿವ, ಡೀನರಿಗೆ ಒಪ್ಪಿಸೋಣ. ಕೈಗವಸು ಮಧ್ಯಾಹ್ನದೊಳಗೆ ಬರುತ್ತದೆ. ಸಂಜೆಗೆ ನೀತಿ ಕನ್ನಡದಲ್ಲೂ ಸಿಗುತ್ತದೆ.