ಕಂಬದ ಬುಡದ ಕವರು

ಜಯನಗರದ ತಿರುವಿನ ಕಂಬದ ಬುಡಕ್ಕೆ ರಾಯರು ಕಪ್ಪು ಕವರು ಇಳಿಸಿ ಪಂಚೆ ಕೊಡವಿಕೊಂಡರು. ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆ ಕತ್ತೆತ್ತಿದರು.

"ಈಗ್ತಾನೆ ಕಸದ ಆಟೋ ಹೋಯ್ತಲ್ಲ ಸಾರ್?"

"ಹಸಿ ಬೇರೆ, ಒಣ ಬೇರೆ ಅಂತ ತಲೆ ತಿಂತಾರಮ್ಮ! ಸರ್ಕಾರಾನೇ ಸರಿಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ!"

ಮಾತು ಸುಳ್ಳಲ್ಲ. ಪಾಲಿಕೆಯನ್ನು ಐದು ಹೋಳು ಮಾಡಲು 2025ರಲ್ಲಿ ಸರ್ಕಾರಕ್ಕೆ ಪುರುಸೊತ್ತು ಸಿಕ್ಕಿತು. ಅದಕ್ಕೆ ಮುಂಚೆ ಚುನಾವಣೆಗೆ ಸಿಕ್ಕಿರಲಿಲ್ಲ.

"2024ರಲ್ಲಿ ಎಂಪಿ ಎಲೆಕ್ಷನ್ ಆಯ್ತಲ್ಲ ಸಾರ್?"

ಅಂದು ಏಪ್ರಿಲ್ 26, ಶುಕ್ರವಾರ. ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53.

"ಶನಿವಾರ, ಭಾನುವಾರ ಸೇರಿತ್ತಲ್ಲಮ್ಮ, ಚಿಕ್ಕಮಗಳೂರಿಗೆ ಹೋಗಿದ್ವಿ. ಅಲ್ಲಿ ಎಷ್ಟು ಕ್ಲೀನು ಅಂತೀಯ!"

ಆಕೆ ಕವರೆತ್ತಿ ಅವರ ಕೈಗೇ ಕೊಟ್ಟರು.

"ಕಂಪ್ಲೇಂಟ್ ಕೊಡ್ತೀನಿ!"

"ಯಾರಿಗೆ ಸಾರ್?"